ಮೂರು ಗಂಟೆಯ ಪರೀಕ್ಷೆಗೆ ನಾಲ್ಕು ಗಂಟೆ ಏಕೆ?

ದ್ವಿತೀಯ ಪಿಯುಸಿ ಓದುತ್ತಿದ್ದಾಗ, ಬಿ.ಎ. ಅಂತಿಮ ವರ್ಷದ ಅಂಧ ವಿದ್ಯಾರ್ಥಿಯೊಬ್ಬರ ಇತಿಹಾಸ ಪರೀಕ್ಷೆಗೆ ಲಿಪಿಕಾರನಾಗಿ ಕುಳಿತಿದ್ದೆ. ಅವರು ಹೇಳಬೇಕು, ನಾನು ಬರೆಯಬೇಕು. ನಮಗೆಂದು ಒಂದು ಚಿಕ್ಕ ಕೊಠಡಿ, ಎರಡು ಕುರ್ಚಿ, ಒಂದು ಮೇಜು. ಪ್ರಶ್ನೆಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿಸಿಕೊಂಡರು. ಯಾವ ಪ್ರಶ್ನೆ ಮೊದಲು, ಯಾವುದು ಕೊನೆಗೆ ಎಂದು ಬೆರಳು ಮಡಚುತ್ತಾ ಲೆಕ್ಕ ಹಾಕಿದರು. ಹಲಗಲಿಯ ಬೇಡರ ಹೋರಾಟದ ಪ್ರಶ್ನೆಗೆ ಉತ್ತರ ಹೇಳುವಾಗ 'ನಿಃಶಸ್ತ್ರೀಕರಣ ಕಾಯ್ದೆ' ಎಂಬ ಮಾತು ಬಂತು. ನಾನು ತಡವರಿಸಿದ್ದು ಪೆನ್ನು ನಿಂತಾಗಲೇ ಅವರಿಗೆ ತಿಳಿಯಿತು. "ತಮ್ಮಾ, ಸಕಾರಕ್ಕೆ ಮೊದಲು ತಕಾರದ ಒತ್ತು, ಅದರ ಕೆಳಗೆ ರಕಾರದ ಒತ್ತು, ಆಮೇಲೆ ದೀರ್ಘ" ಎಂದು ಬಿಡಿಸಿ ಹೇಳಿದರು. ಐದು ನಿಮಿಷಕ್ಕೊಮ್ಮೆ "ಮೂರನೆಯ ಕಾರಣ ಬರೆಸಿದೆನೇ? ಒಮ್ಮೆ ಓದು" ಎನ್ನುತ್ತಿದ್ದರು. ನಾನು ಓದುತ್ತಿದ್ದೆ. ಅಷ್ಟು ಹೊತ್ತು ಬರವಣಿಗೆ ನಿಲ್ಲುತ್ತಿತ್ತು.

ಒಂದು ಗಂಟೆಗೆ ಬೆಲ್ ಆಯಿತು. ಕೊಠಡಿ ಮೇಲ್ವಿಚಾರಕರು ಬಂದು ಉತ್ತರ ಪತ್ರಿಕೆಗೆ ಕೈ ಹಾಕಿದರು. ಇನ್ನೂ ಒಂದು ಗಂಟೆ ಇದೆ ಎಂದು ನನಗೆ ಉತ್ತರ ಹೇಳುತ್ತಿದ್ದ ಆ ಅಣ್ಣ ಜೇಬಿನಿಂದ ಅನುಮತಿ ಪತ್ರ ತೆಗೆದು ಕೊಟ್ಟರು. ಅಂಥದ್ದೊಂದು ನಿಯಮವಿರುವುದು ಮೇಲ್ವಿಚಾರಕರಿಗೆ ಗೊತ್ತಿರಲಿಲ್ಲ. ಪತ್ರವನ್ನೂ ಉತ್ತರ ಪತ್ರಿಕೆಯನ್ನೂ ಹಿಡಿದುಕೊಂಡು ಮುಖ್ಯ ಅಧೀಕ್ಷಕರ ಕೊಠಡಿಗೆ ಹೋದರು. ಮರಳಿ ಬಂದಾಗ ಇಪ್ಪತ್ತು ನಿಮಿಷ ಕಳೆದಿತ್ತು. "ಬರೆಯಿರಿ, ಆದರೆ ಬೇಗ ಮುಗಿಸಿ" ಎಂದರು. ಕಳೆದುಹೋದ ಆ ಇಪ್ಪತ್ತು ನಿಮಿಷವನ್ನು ಯಾರೂ ಮರಳಿ ಕೊಡಲಿಲ್ಲ. ಕೊನೆಯ ಹತ್ತು ಅಂಕದ ಪ್ರಶ್ನೆಗೆ ನಾವು ಬರೆದದ್ದು ನಾಲ್ಕು ಸಾಲು.

ಈಗ ನಾನು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಅಂಗವಿಕಲ ವಿದ್ಯಾರ್ಥಿಗಳಿಗೆ ಸಿಗಬೇಕಾದ ಅನುಕೂಲಗಳ ಮಾತು ಬಂದಾಗ ಸಿಬ್ಬಂದಿ ಕೊಠಡಿಯಲ್ಲಿ ಇಂದಿಗೂ ಕೇಳಿಬರುವ ಪದ 'ರಿಯಾಯಿತಿ'. ಒಳ್ಳೆಯ ಮನಸ್ಸಿನವರೇ ಆ ಪದ ಬಳಸುತ್ತಾರೆ. ಆದರೆ ಗೊಂದಲವೆಲ್ಲ ಹುಟ್ಟುವುದು ಅಲ್ಲಿಂದಲೇ ಎಂದು ನನ್ನ ನಂಬಿಕೆ. ರಿಯಾಯಿತಿ ಎಂದರೆ ಕೊಡುವವರ ಇಷ್ಟ. ಕೊಟ್ಟರೆ ಉಪಕಾರ, ಕೊಡದಿದ್ದರೆ ತಪ್ಪಿಲ್ಲ.

ಆ ಹೆಚ್ಚಿನ ಒಂದು ಗಂಟೆ ಎಲ್ಲಿಂದ ಬಂತು ಎಂಬುದನ್ನೇ ನೋಡಿ. ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯವು 2018ರ ಆಗಸ್ಟ್ 29ರಂದು ಲಿಖಿತ ಪರೀಕ್ಷೆಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಲಿಪಿಕಾರರನ್ನೋ ಪ್ರಶ್ನೆ ಓದಿ ಹೇಳುವವರನ್ನೋ ಬಳಸುವ ಅಭ್ಯರ್ಥಿಗೆ ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಸೇರಿಸಿ ಕೊಡಬೇಕು ಎಂದು ಅದು ಹೇಳಿತು. ಮೂರು ಗಂಟೆಗೆ 60 ನಿಮಿಷ, ಎರಡೂವರೆ ಗಂಟೆಗೆ 50. ಲಿಪಿಕಾರರನ್ನು ಬಳಸದ ಅಭ್ಯರ್ಥಿಗಳಿಗೂ, ಅವರ ಅಂಗವೈಕಲ್ಯ ಶೇ 40 ಅಥವಾ ಹೆಚ್ಚಿದ್ದರೆ, ಮೂರು ಗಂಟೆಯ ಪರೀಕ್ಷೆಗೆ ಕನಿಷ್ಠ ಒಂದು ಗಂಟೆ ಕೊಡಬಹುದು ಎಂದಿತು. ಅದೇ ಮಾರ್ಗಸೂಚಿ ಇನ್ನೊಂದು ಮುಖ್ಯ ಕೆಲಸ ಮಾಡಿದೆ: 'ಹೆಚ್ಚುವರಿ ಸಮಯ' ಎಂಬ ಮಾತನ್ನು ಕೈಬಿಟ್ಟು 'ಪರಿಹಾರಾತ್ಮಕ ಸಮಯ' ಎಂದು ಬಳಸಲು ಹೇಳಿದೆ. ಪದ ಬದಲಿಸಿದ್ದು ಸುಮ್ಮನೆ ಅಲ್ಲ. ಕಣ್ಣಿರುವ ವಿದ್ಯಾರ್ಥಿ ಹಿಂದಿನ ಪ್ಯಾರಾದ ಮೇಲೆ ಒಂದು ಕ್ಷಣ ಕಣ್ಣಾಡಿಸುತ್ತಾನೆ. ಆ ಕೆಲಸಕ್ಕೆ ನಮಗೆ ಪ್ರತಿಸಲ ಒಂದೆರಡು ನಿಮಿಷ ಬೇಕಾಗುತ್ತಿತ್ತು. ವ್ಯವಸ್ಥೆಯೇ ತಿಂದುಹಾಕಿದ ಸಮಯವನ್ನು ಮರಳಿ ಕಟ್ಟಿಕೊಡುವುದಷ್ಟೇ ಆ 20 ನಿಮಿಷದ ಕೆಲಸ. ಅಂಗಡಿಯವರು ತೂಗುವ ಮೊದಲು ಖಾಲಿ ತಕ್ಕಡಿಯನ್ನು ಎತ್ತಿ ನೋಡುತ್ತಾರೆ. ಒಂದು ತಟ್ಟೆ ತಗ್ಗಿದ್ದರೆ ಇನ್ನೊಂದಕ್ಕೆ ಚೂರು ಕಲ್ಲಿಡುತ್ತಾರೆ. ಆ ಕಲ್ಲು ಗಿರಾಕಿಗೆ ಕೊಟ್ಟ ಉಡುಗೊರೆಯಲ್ಲ. ಅದಿಲ್ಲದೆ ತೂಕವೇ ಸುಳ್ಳು. ಪ್ರಶ್ನೆ ಅದೇ, ಅಂಕ ಅದೇ, ಮೌಲ್ಯಮಾಪಕರ ಕೆಂಪು ಶಾಯಿಯೂ ಅದೇ.

2018ರ ಆ ಮಾರ್ಗಸೂಚಿಯಲ್ಲಿ ಇನ್ನೂ ಕೆಲವು ಮಾತುಗಳಿದ್ದವು, ಅವನ್ನು ಬಹಳ ಜನ ಓದಿಯೇ ಇಲ್ಲ. ಪರೀಕ್ಷಾ ಸಂಸ್ಥೆ ತಾನೇ ಲಿಪಿಕಾರರನ್ನು ಒದಗಿಸಿದರೆ, ಪರೀಕ್ಷೆಗೆ ಎರಡು ದಿನ ಮೊದಲು ಅವರನ್ನು ಭೇಟಿಯಾಗಲು ವಿದ್ಯಾರ್ಥಿಗೆ ಅವಕಾಶ ಕೊಡಬೇಕಿತ್ತು. ನನಗೆ ಒತ್ತಕ್ಷರ ತೊಡಕಾಗುತ್ತದೆ ಎಂಬುದು ಆ ಅಣ್ಣನಿಗೆ ಮೊದಲೇ ಗೊತ್ತಿದ್ದಿದ್ದರೆ ಎಷ್ಟು ಉಳಿಯುತ್ತಿತ್ತು! ಬೇರೆ ಬೇರೆ ವಿಷಯಗಳಿಗೆ, ಅದರಲ್ಲೂ ಭಾಷಾ ಪತ್ರಿಕೆಗಳಿಗೆ, ಬೇರೆ ಬೇರೆ ಲಿಪಿಕಾರರನ್ನು ಬಳಸಬಹುದಿತ್ತು. ಉತ್ತರವನ್ನು ಬ್ರೈಲ್‌ನಲ್ಲಿ ಬರೆಯುವುದೋ, ಕಂಪ್ಯೂಟರಿನಲ್ಲಿ ಟೈಪ್ ಮಾಡುವುದೋ ಎಂಬ ಆಯ್ಕೆಗೂ ಜಾಗವಿತ್ತು. ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ ಕೇಳಬಹುದಿತ್ತು. ವಿದ್ಯಾರ್ಥಿಯೇ ಲಿಪಿಕಾರರನ್ನು ಕರೆತಂದರೆ ಅವರ ಓದು ಒಂದು ಹಂತ ಕೆಳಗಿರಬೇಕು ಎಂಬ ನಿಯಮವೂ ಅದರಲ್ಲಿತ್ತು. ಬಿ.ಎ. ಪರೀಕ್ಷೆಗೆ ಪಿಯುಸಿ ಹುಡುಗನಾದ ನಾನು ಹೋದದ್ದು ಹೀಗೆ. ಲಿಪಿಕಾರರ ಅರ್ಹತೆಯ ನಿಯಮಗಳು ಆಗಾಗ ಪರಿಷ್ಕರಣೆಯಾಗುತ್ತವೆ. ಆದ್ದರಿಂದ ಆ ವರ್ಷದ ವಿಶ್ವವಿದ್ಯಾಲಯದ ಸುತ್ತೋಲೆಯನ್ನು ಕೈಯಲ್ಲಿ ಹಿಡಿದೇ ಮುಂದುವರಿಯಬೇಕು.

ಇನ್ನು ಕಾನೂನಿಗೆ ಬರೋಣ. ಮೂಲ ಆಧಾರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016. ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದಕ್ಕೆ ಮೊದಲು ಇದ್ದದ್ದು 1995ರ ಕಾಯ್ದೆ. ಅದು ಏಳು ಬಗೆಯ ಅಂಗವೈಕಲ್ಯಗಳನ್ನಷ್ಟೇ ಗುರುತಿಸಿತ್ತು. ಈಗ 21 ಬಗೆಗಳಿವೆ. ಅಂಧತ್ವ, ಕಿವುಡುತನ, ಚಲನೆಯ ತೊಂದರೆ ನಮಗೆ ತಟ್ಟನೆ ನೆನಪಾಗುತ್ತವೆ. ಆದರೆ ಪಟ್ಟಿಯಲ್ಲಿ ಆಟಿಸಂ ಇದೆ, ಮಾನಸಿಕ ಅಸ್ವಸ್ಥತೆ ಇದೆ, ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಆ್ಯಸಿಡ್ ದಾಳಿಗೆ ಒಳಗಾದವರಿದ್ದಾರೆ. ಹಿಮೋಫಿಲಿಯಾ, ಥಲಸೀಮಿಯಾ, ಸಿಕಲ್ ಸೆಲ್‌ನಂಥ ರಕ್ತದ ಕಾಯಿಲೆಗಳೂ ಇವೆ. ಮೈಸೂರು, ಚಾಮರಾಜನಗರ ಜಿಲ್ಲೆಗಳ ಕಾಡಂಚಿನ ಹಾಡಿಗಳಲ್ಲಿ ಸಿಕಲ್ ಸೆಲ್ ಹೊಸ ಮಾತಲ್ಲ. ಅಲ್ಲಿಂದ ಪದವಿಗೆ ಬಂದ ಹುಡುಗಿಯೊಬ್ಬಳು ಸೆಮಿಸ್ಟರಿನ ನಡುವೆ ಕೈಕಾಲು ಕೀಲುಗಳ ನೋವಿನಿಂದ ಹತ್ತು ದಿನ ಆಸ್ಪತ್ರೆಯಲ್ಲಿದ್ದರೆ ಹಾಜರಾತಿ ಪುಸ್ತಕದಲ್ಲಿ ಅದು ಬರಿಯ ಗೈರುಹಾಜರಿ. ಕಾನೂನಿನ ಕಣ್ಣಿನಲ್ಲಿ ಆಕೆಯೂ ಅಂಗವಿಕಲ ವ್ಯಕ್ತಿ ಎಂಬುದು ಆಕೆಗೂ ಗೊತ್ತಿರುವುದಿಲ್ಲ, ಕಾಲೇಜಿಗೂ ಗೊತ್ತಿರುವುದಿಲ್ಲ.

ಈ ಕಾಯ್ದೆಯೊಳಗೆ ಎರಡು ಬೇರೆ ಬೇರೆ ವಿಚಾರಗಳಿವೆ. ಇವನ್ನು ಕಲಸಿಬಿಡುವುದರಿಂದಲೇ ಅರ್ಧ ವಿದ್ಯಾರ್ಥಿಗಳು ಬಾಗಿಲಲ್ಲೇ ನಿಲ್ಲುತ್ತಾರೆ. ಒಂದು, ಮೀಸಲಾತಿ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು, ಪ್ರವೇಶದ ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆ. ಇದನ್ನು ಹೇಳುವುದು ಸೆಕ್ಷನ್ 32. ಇದಕ್ಕೆ ಶೇ 40ರ ಗೆರೆ ಇದೆ. ವೈದ್ಯಕೀಯ ಪ್ರಾಧಿಕಾರ ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣೀಕರಿಸಿರಬೇಕು.

ಇನ್ನೊಂದು, ಸಮಂಜಸ ಹೊಂದಾಣಿಕೆ. ಅಂಗವಿಕಲ ವ್ಯಕ್ತಿಯು ಇತರರಿಗೆ ಸಮನಾಗಿ ತನ್ನ ಹಕ್ಕನ್ನು ಅನುಭವಿಸುವುದಕ್ಕಾಗಿ, ಸಂಸ್ಥೆಯ ಮೇಲೆ ವಿಪರೀತ ಹೊರೆಯಾಗದಂತೆ, ಮಾಡಬೇಕಾದ ಅಗತ್ಯ ಬದಲಾವಣೆ ಎಂದು ಕಾಯ್ದೆ ಇದನ್ನು ವಿವರಿಸುತ್ತದೆ. ಗಾಲಿಕುರ್ಚಿಯ ವಿದ್ಯಾರ್ಥಿಯ ತರಗತಿಯನ್ನು ಎರಡನೆಯ ಮಹಡಿಯಿಂದ ನೆಲಮಹಡಿಗೆ ತರುವುದು ಹೊಂದಾಣಿಕೆ. ಕಿವಿ ಕೇಳದ ವಿದ್ಯಾರ್ಥಿಗೆ ಪಾಠದ ಟಿಪ್ಪಣಿಯನ್ನು ಹಿಂದಿನ ದಿನವೇ ಕೊಡುವುದು, ಬೋರ್ಡಿನ ಕಡೆ ಮುಖ ಮಾಡಿಕೊಂಡು ಮಾತನಾಡದಿರುವುದು ಹೊಂದಾಣಿಕೆ. ಇದಕ್ಕೆ ಶೇ 40ರ ಗೆರೆ ಇಲ್ಲ. ಇದು ಸರ್ಕಾರಿ ಕಾಲೇಜಿಗೆ ಮಾತ್ರ ಸೀಮಿತವೂ ಅಲ್ಲ. ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಗಳೂ ಸೆಕ್ಷನ್ 16ರ ವ್ಯಾಪ್ತಿಗೆ ಬರುತ್ತವೆ. "ನಮ್ಮದು ಖಾಸಗಿ ಕಾಲೇಜು, ನಮಗೆ ಇದೆಲ್ಲ ಬರುವುದಿಲ್ಲ" ಎಂಬ ಉತ್ತರ ಮೀಸಲಾತಿಯ ಮಟ್ಟಿಗೆ ನಿಜವಿದ್ದೀತು, ಹೊಂದಾಣಿಕೆಯ ಮಟ್ಟಿಗೆ ನಿಜವಲ್ಲ. ಸಮಂಜಸ ಹೊಂದಾಣಿಕೆಯನ್ನು ನಿರಾಕರಿಸುವುದನ್ನು ಕಾಯ್ದೆ ತಾರತಮ್ಯದ ವ್ಯಾಖ್ಯೆಯೊಳಗೇ ಸೇರಿಸಿದೆ.

ಶೇ 40ರ ಈ ಗೊಂದಲ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ವಿಕಾಶ್ ಕುಮಾರ್ ಎಂಬ ಅಭ್ಯರ್ಥಿಗೆ ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇತ್ತು. ನಾಗರಿಕ ಸೇವಾ ಪರೀಕ್ಷೆಗೆ ಲಿಪಿಕಾರರನ್ನು ಕೇಳಿದರೆ, ನಿಮ್ಮದು ನಿಗದಿತ ಪ್ರಮಾಣದ ಅಂಗವೈಕಲ್ಯದ ಪಟ್ಟಿಯಲ್ಲಿಲ್ಲ ಎಂದು ಕೇಂದ್ರ ಲೋಕಸೇವಾ ಆಯೋಗ ನಿರಾಕರಿಸಿತು. 2021ರ ಫೆಬ್ರುವರಿ 11ರಂದು ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಬರೆಯುವ ತೊಂದರೆ ನಿಜವಾಗಿದ್ದರೆ ಶೇಕಡಾವಾರು ಸಂಖ್ಯೆಯನ್ನು ಮುಂದೊಡ್ಡಿ ಲಿಪಿಕಾರರನ್ನು ನಿರಾಕರಿಸುವಂತಿಲ್ಲ ಎಂಬುದು ಅದರ ತಿರುಳು. ಆ ತೀರ್ಪಿನ ಫಲವಾಗಿಯೇ 2022ರ ಆಗಸ್ಟ್‌ನಲ್ಲಿ, ಶೇ 40ಕ್ಕಿಂತ ಕಡಿಮೆ ಅಂಗವೈಕಲ್ಯವಿದ್ದು ಬರೆಯಲು ಕಷ್ಟವಿರುವವರಿಗಾಗಿ ಪ್ರತ್ಯೇಕ ಮಾರ್ಗಸೂಚಿ ಬಂತು. ಸರ್ಕಾರಿ ಆಸ್ಪತ್ರೆಯ ಸಕ್ಷಮ ವೈದ್ಯಾಧಿಕಾರಿ, ಈ ವ್ಯಕ್ತಿಗೆ ಬರೆಯಲು ಮಿತಿಯಿದೆ, ಲಿಪಿಕಾರರ ಅಗತ್ಯವಿದೆ ಎಂದು ನಿಗದಿತ ನಮೂನೆಯಲ್ಲಿ ಪ್ರಮಾಣೀಕರಿಸಿದರೆ ಸಾಕು ಎಂದಿತು ಅದು.

ಅದೇ 2021ರ ನವೆಂಬರ್‌ನಲ್ಲಿ ಅವನಿ ಪ್ರಕಾಶ್ ಪ್ರಕರಣದ ತೀರ್ಪು ಬಂತು. ಅದನ್ನು ಓದುವಾಗ ನನಗೆ ಆ ಚಿಕ್ಕ ಕೊಠಡಿಯೇ ಕಣ್ಣ ಮುಂದೆ ಬಂತು. ಡಿಸ್‌ಗ್ರಾಫಿಯಾ ಎಂಬ, ಬರೆಯುವುದಕ್ಕೇ ತೊಡಕಾಗುವ ಕಲಿಕಾ ನ್ಯೂನತೆ ಇದ್ದ ವಿದ್ಯಾರ್ಥಿನಿ ನೀಟ್ ಬರೆಯುತ್ತಿದ್ದಳು. ಒಂದು ಗಂಟೆಯ ಪರಿಹಾರಾತ್ಮಕ ಸಮಯ ಆಕೆಯ ಹಕ್ಕಾಗಿತ್ತು. ಪರೀಕ್ಷಾ ಕೇಂದ್ರದಲ್ಲಿ ಆ ಸಮಯವನ್ನು ಕೊಡದೆ ಉಳಿದವರ ಜೊತೆಯಲ್ಲೇ ಆಕೆಯ ಉತ್ತರ ಪತ್ರಿಕೆಯನ್ನೂ ತೆಗೆದುಕೊಂಡರು. ಆಕೆಗೆ ಅನ್ಯಾಯವಾಗಿದೆ ಎಂದು ನ್ಯಾಯಾಲಯ ಹೇಳಿತು, ಪರಿಹಾರದ ದಾರಿ ಹುಡುಕುವಂತೆ ಪರೀಕ್ಷಾ ಸಂಸ್ಥೆಗೆ ಸೂಚಿಸಿತು, ಆದರೆ ಮರುಪರೀಕ್ಷೆಗೆ ಆದೇಶಿಸಲಿಲ್ಲ. ನಿಯಮ ದೆಹಲಿಯಲ್ಲಿ ಎಷ್ಟೇ ಚೆನ್ನಾಗಿರಲಿ, ಕೊಠಡಿಯಲ್ಲಿ ನಿಂತ ಒಬ್ಬ ಮೇಲ್ವಿಚಾರಕರಿಗೆ ತಿಳಿದಿಲ್ಲವೆಂದರೆ ಅದು ಇಲ್ಲದಂತೆಯೇ.

ಪ್ರಮಾಣಪತ್ರಗಳ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಮೊದಲು ಬೇಕಾದದ್ದು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲ ವ್ಯಕ್ತಿಯ ವಿಶಿಷ್ಟ ಗುರುತಿನ ಚೀಟಿ. ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ, ನಂತರ ಜಿಲ್ಲಾ ಆಸ್ಪತ್ರೆಯಂಥ ಅಧಿಕೃತ ಕಡೆ ತಪಾಸಣೆ. ಅಂಗವೈಕಲ್ಯ ಶೇ 40ಕ್ಕಿಂತ ಕಡಿಮೆ ಇದ್ದರೆ ಕಾರ್ಡಿನ ಬಣ್ಣ ಬಿಳಿ, 40ರಿಂದ 79 ಹಳದಿ, 80 ಮತ್ತು ಮೇಲ್ಪಟ್ಟು ನೀಲಿ. ಬಿಳಿ ಕಾರ್ಡಿನಿಂದ ಏನೂ ಪ್ರಯೋಜನವಿಲ್ಲ ಎಂದು ಅದನ್ನು ಮಾಡಿಸದೇ ಬಿಡುವವರಿದ್ದಾರೆ; ಮೇಲೆ ಹೇಳಿದ ಹೊಂದಾಣಿಕೆ ಕೇಳುವಾಗ ಅದೂ ಆಧಾರವೇ. ಕಲಿಕಾ ನ್ಯೂನತೆಯವರಿಗೆ ಒಂದು ತೊಡಕಿದೆ. 2018ರ ಮೌಲ್ಯಮಾಪನ ಮಾರ್ಗಸೂಚಿಯ ಪ್ರಕಾರ ಅವರಿಗೆ 8 ವರ್ಷ ತುಂಬಿದ ಮೇಲೆ ಮೊದಲ ಪ್ರಮಾಣಪತ್ರ ಕೊಟ್ಟು, 14 ಮತ್ತು 18ನೆಯ ವಯಸ್ಸಿನಲ್ಲಿ ಮತ್ತೆ ತಪಾಸಣೆ ಮಾಡಬೇಕಿತ್ತು. 18ರಲ್ಲಿ ಕೊಟ್ಟದ್ದು ಜೀವನಪೂರ್ತಿ ನಡೆಯುತ್ತಿತ್ತು. ಎಸ್ಸೆಸ್ಸೆಲ್ಸಿಗೆಂದು ಮಾಡಿಸಿದ ಹಳೆಯ ಪತ್ರವನ್ನು ಹಿಡಿದು ಪದವಿಯ ಮೊದಲ ಪರೀಕ್ಷೆಗೆ ಬಂದವರಿಗೆ ಪೆಟ್ಟು ಬೀಳುವುದು ಇಲ್ಲಿ. ಪಿಯುಸಿ ಮುಗಿದ ರಜೆಯಲ್ಲೇ ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಯಲ್ಲಿ ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ ಹೊಸದನ್ನು ಮಾಡಿಸಿಕೊಳ್ಳುವುದು ಲೇಸು.

ಕಲಿಕಾ ನ್ಯೂನತೆ ನಮ್ಮಲ್ಲಿ ಇನ್ನೊಂದು ಮುಸುಕಿನ ಹಿಂದೆ ಅಡಗಿರುತ್ತದೆ. ಹಳ್ಳಿಯ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಪದವಿಗೆ ಬಂದು ಇಂಗ್ಲಿಷ್ ಪಠ್ಯದ ಮುಂದೆ ತಡವರಿಸಿದರೆ, "ಪಾಪ, ಕನ್ನಡ ಮಾಧ್ಯಮದವನು" ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಆತ ಕನ್ನಡವನ್ನು ಓದುವಾಗಲೂ ಕಾಗುಣಿತ ತಪ್ಪುತ್ತಿದ್ದನೇ, ಒತ್ತಕ್ಷರದ ಪದ ಬಂದಾಗ ಅಕ್ಷರಗಳನ್ನು ಹಿಂದುಮುಂದು ಮಾಡುತ್ತಿದ್ದನೇ, ಬಾಯಲ್ಲಿ ಲೀಲಾಜಾಲವಾಗಿ ಹೇಳುವ ಉತ್ತರವನ್ನು ಬರೆಯುವಾಗ ಏಕೆ ಮೂರು ಸಾಲಿಗೆ ನಿಲ್ಲಿಸುತ್ತಾನೆ ಎಂದು ಯಾರೂ ಕೇಳುವುದಿಲ್ಲ. ನನ್ನ ತರಗತಿಯಲ್ಲೇ ಅಂಥ ಒಬ್ಬನನ್ನು ನಾನು ಪೂರ್ತಿ ಒಂದು ಸೆಮಿಸ್ಟರ್ ಸೋಮಾರಿ ಎಂದುಕೊಂಡಿದ್ದೆ. ಅದು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಪರೀಕ್ಷೆಯ ಮಾತು ಇಷ್ಟು ಹೇಳಿದೆ. ಆದರೆ ಪರೀಕ್ಷೆ ವರ್ಷಕ್ಕೆ ಕೆಲವೇ ದಿನ, ಓದು ಪ್ರತಿದಿನದ್ದು. ಅಲ್ಲಿ ಕನ್ನಡದ್ದೇ ಆದ ಒಂದು ಸಮಸ್ಯೆಯಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಅಂಧ ವಿದ್ಯಾರ್ಥಿಗಳು ಕಂಪ್ಯೂಟರ್ ಮತ್ತು ಮೊಬೈಲಿನಲ್ಲಿ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ, ಬಳಸುತ್ತಾರೆ. ಎನ್‌ವಿಡಿಎ ಎಂಬುದು ಉಚಿತವಾಗಿ ಸಿಗುವ ತಂತ್ರಾಂಶ; ಕನ್ನಡವನ್ನೂ ಓದುತ್ತದೆ. ಆದರೆ ನಮ್ಮ ಕಾಲೇಜುಗಳಲ್ಲಿ ಓಡಾಡುವ ಟಿಪ್ಪಣಿಗಳಲ್ಲಿ ಬಹುಪಾಲು ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಆದವು. ಆ ಫಾಂಟುಗಳಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡ, ಕಡತದ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು. ಹಳೆಯ ನುಡಿ ಫಾಂಟಿನಲ್ಲಿ 'ಕನ್ನಡ' ಎಂದು ಟೈಪ್ ಮಾಡಿದ ಪದವನ್ನು ಸ್ಕ್ರೀನ್ ರೀಡರ್ ಮುಂದಿಟ್ಟರೆ ಅದು ಓದುವುದು "ಪಿ, ಎ, ಪೌಂಡ್, ಎ..." ಎಂದು. ಕಣ್ಣಿರುವ ಉಪನ್ಯಾಸಕರಿಗೆ ಅದೇ ಕಡತ ಅಚ್ಚುಕಟ್ಟಾದ ಕನ್ನಡವಾಗಿ ಕಾಣುತ್ತದೆ. ಹಾಗಾಗಿ "ನೋಟ್ಸ್ ಕಳಿಸಿದ್ದೇನಲ್ಲ, ಓದಿಕೊಂಡಿಲ್ಲವೇ?" ಎಂದು ಅವರು ಕೇಳುವುದರಲ್ಲಿ ಸುಳ್ಳಿಲ್ಲ, ಓದಲು ಬರಲಿಲ್ಲ ಎಂದು ವಿದ್ಯಾರ್ಥಿ ಹೇಳುವುದರಲ್ಲೂ ಸುಳ್ಳಿಲ್ಲ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಈ ತೊಂದರೆ ಇಲ್ಲ; ಅದರಲ್ಲಿ ಕಡತದ ಒಳಗೂ ಕನ್ನಡ ಅಕ್ಷರವೇ ಇರುತ್ತದೆ. ಹಳೆಯ ಕಡತವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒಂದು ಪಾಠದ ಟಿಪ್ಪಣಿಗೆ ಕೆಲವೇ ನಿಮಿಷ ಸಾಕು. ಪುಸ್ತಕದ ಪುಟಗಳನ್ನು ಫೋಟೊ ತೆಗೆದು ಪಿಡಿಎಫ್ ಮಾಡಿ ಕಳಿಸಿದರೂ ಅದೇ ಗತಿ: ಅದು ಚಿತ್ರ, ಅದರಲ್ಲಿ ಅಕ್ಷರವೇ ಇಲ್ಲ. ಅದನ್ನು ಅಕ್ಷರವಾಗಿಸುವ ಕನ್ನಡ ಓಸಿಆರ್ ತಂತ್ರಾಂಶಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಲಿಪಿಜ್ಞಾನಿ ಅವುಗಳಲ್ಲೊಂದು.

ಪುಸ್ತಕವನ್ನು ಹೀಗೆ ಬದಲಿಸಿದರೆ ಪ್ರಕಾಶಕರು ಆಕ್ಷೇಪಿಸುತ್ತಾರೇನೋ ಎಂದು ಗ್ರಂಥಪಾಲಕರು ಅಂಜುವುದುಂಟು. ಅಂಜಬೇಕಿಲ್ಲ. 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ಆದ ತಿದ್ದುಪಡಿ, ಲಾಭದ ಉದ್ದೇಶವಿಲ್ಲದೆ ಅಂಗವಿಕಲರಿಗೆ ಓದಲು ಬರುವ ರೂಪದಲ್ಲಿ ಕೃತಿಯನ್ನು ಸಿದ್ಧಪಡಿಸಲು ಅವಕಾಶ ಕೊಟ್ಟಿದೆ. ದೃಷ್ಟಿದೋಷವುಳ್ಳವರಿಗೆ ಪುಸ್ತಕ ತಲುಪಿಸುವ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ನಮ್ಮದು. ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯವೂ 2016ರಿಂದ ಇದೆ.

ಹಣದ ನೆರವಿಗೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಮೆಟ್ರಿಕ್ ನಂತರದ ಯೋಜನೆಯಿದೆ. ಸಂಶೋಧನೆ ಮಾಡುವವರಿಗೆ ರಾಷ್ಟ್ರೀಯ ಫೆಲೋಶಿಪ್ ಇದೆ. ರಾಜ್ಯದಲ್ಲಿ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯನ್ನು ಕೇಳಬೇಕು. ಅಂಧ ವಿದ್ಯಾರ್ಥಿಗಳಿಗೆ ಮಾತನಾಡುವ ಲ್ಯಾಪ್‌ಟಾಪ್ ಕೊಡುವ ಯೋಜನೆ ಅಲ್ಲಿಯದೇ. ಹಳ್ಳಿಯವರು ಜಿಲ್ಲಾ ಕಚೇರಿಗೆ ಅಲೆಯುವ ಮೊದಲು ತಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಲಿ. ಯಾವ ಅರ್ಜಿ ಯಾವಾಗ ಕರೆಯುತ್ತಾರೆ ಎಂಬುದು ಅವರಿಗೆ ಬಾಯಿಪಾಠ.

ಉಳಿದದ್ದು ಕೇಳುವ ಬಗೆ. ಬಹಳ ವಿದ್ಯಾರ್ಥಿಗಳು ಪರೀಕ್ಷೆಗೆ ವಾರವಿದ್ದಾಗ ಪ್ರಾಂಶುಪಾಲರ ಕೊಠಡಿಯ ಮುಂದೆ ನಿಲ್ಲುತ್ತಾರೆ. ಅಷ್ಟು ಹೊತ್ತಿಗೆ ಆಂತರಿಕ ಮೌಲ್ಯಮಾಪನದ ಎರಡೂ ಕಿರುಪರೀಕ್ಷೆಗಳು ಮುಗಿದಿರುತ್ತವೆ, ಅವುಗಳಲ್ಲಿ ಯಾರೂ ಪರಿಹಾರಾತ್ಮಕ ಸಮಯ ಕೊಟ್ಟಿರುವುದಿಲ್ಲ. ಸೆಮಿಸ್ಟರ್ ಆರಂಭವಾದ ವಾರದಲ್ಲೇ ಪತ್ರ ಕೊಡಿ. ಪ್ರಾಂಶುಪಾಲರಿಗೆ ಒಂದು, ಅವರ ಮೂಲಕ ವಿಶ್ವವಿದ್ಯಾಲಯದ ಕುಲಸಚಿವರಿಗೆ, ಅಂದರೆ ಮೌಲ್ಯಮಾಪನ ವಿಭಾಗದ ಕುಲಸಚಿವರಿಗೆ, ಒಂದು. ಸಮಾನ ಅವಕಾಶ ಕೋಶವಿದ್ದರೆ ಅದಕ್ಕೂ ಪ್ರತಿ. ಕಾಯಿಲೆಯ ಕಥೆಯನ್ನು ಉದ್ದಕ್ಕೆ ಬರೆಯಬೇಕಿಲ್ಲ. ಏನು ಬೇಕು ಎಂಬುದನ್ನು ಖಚಿತವಾಗಿ ಬರೆಯಿರಿ: "ಕಿರುಪರೀಕ್ಷೆಯೂ ಸೇರಿ ಎಲ್ಲ ಪರೀಕ್ಷೆಗಳಲ್ಲಿ ಗಂಟೆಗೆ 20 ನಿಮಿಷ", "ನೆಲಮಹಡಿಯ ಕೊಠಡಿ", "ಟಿಪ್ಪಣಿಗಳು ಯೂನಿಕೋಡ್‌ನಲ್ಲಿ". ಯುಡಿಐಡಿ ಪ್ರತಿ, ವೈದ್ಯರ ಪತ್ರ ಲಗತ್ತಿಸಿ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ "ಆಗಲಿ, ನೋಡೋಣ" ಎಂದದ್ದು ಪರೀಕ್ಷೆಯ ದಿನ ಯಾರ ನೆನಪಿನಲ್ಲೂ ಇರುವುದಿಲ್ಲ.

ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ನಿರಾಕರಣೆಯಾದರೆ, ರಾಜ್ಯದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಆಯುಕ್ತರಿಗೆ ದೂರು ಕೊಡಬಹುದು. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕೇಂದ್ರ ಸಂಸ್ಥೆಗಳಾದರೆ ದೆಹಲಿಯ ಮುಖ್ಯ ಆಯುಕ್ತರಿಗೆ. ವಕೀಲರೇ ಬೇಕೆಂದಿಲ್ಲ. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಸಿವಿಲ್ ನ್ಯಾಯಾಲಯದ ಅಧಿಕಾರ ಆಯುಕ್ತರಿಗಿದೆ. ಅವರು ಶಿಫಾರಸು ಮಾಡಿದರೆ ಸಂಸ್ಥೆಯು ಮೂರು ತಿಂಗಳೊಳಗೆ ಕೈಗೊಂಡ ಕ್ರಮವನ್ನು ತಿಳಿಸಬೇಕು, ಒಪ್ಪದಿದ್ದರೆ ಕಾರಣ ಹೇಳಬೇಕು. ಟಪಾಲು ವಿಭಾಗದ ಮೊಹರು ಕೆಲಸಕ್ಕೆ ಬರುವುದು ಆಗ.

ನಾನು ಈಗ ಪರೀಕ್ಷಾ ಕರ್ತವ್ಯಕ್ಕೆ ಹೋದ ದಿನ ಬೆಳಿಗ್ಗೆ ಮೊದಲು ಮಾಡುವ ಕೆಲಸ, ಲಿಪಿಕಾರರಿರುವ ಕೊಠಡಿ ಯಾವುದು, ಅಲ್ಲಿ ಇಂದು ಯಾರ ಸರದಿ ಎಂದು ಕೇಳುವುದು. ಅವರ ಬಳಿ ಹೋಗಿ ಆ ಕೊಠಡಿಯ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆಸುತ್ತೇನೆ: ಆರಂಭ 10, ಮುಕ್ತಾಯ 2.